ತಾಯಿಯ ಮನೆ

ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ನನ ಚರಿತ್ರೆ ಬರೆದವರು ಒಂದು ಕತೆಯನ್ನು ಬಹುಮಟ್ಟಿಗೆ ಬಿಡುವುದಿಲ್ಲ. ವರ್ಜೀನಿಯದ ಷ್ಯಾಡ್ವೆಲ್‌ನಲ್ಲಿದ್ದ ಅವನ ಹಳೆಯ ಮನೆ 1770ರ ಫೆಬ್ರವರಿ 1ರಂದು ಬೆಂಕಿಗೆ ತುತ್ತಾಯಿತು. ಸುದ್ದಿ ತಂದ ಗುಲಾಮನನ್ನು ಜೆಫರ್ಸನ್ ಕೇಳಿದ್ದು ಪುಸ್ತಕಗಳ ಗತಿಯೇನೆಂದು. ಅವೆಲ್ಲ ಹೋದುವು, ಪಿಟೀಲು ಉಳಿಯಿತು ಎಂದನಂತೆ ಅವನು. ನಾನೂ ತರಗತಿಯಲ್ಲಿ ಇದನ್ನು ಹೇಳಿ ಹುಡುಗರನ್ನು ನಗಿಸಿದ್ದೇನೆ. ಸೂಸನ್ ಕರ್ನ್ ಅವರ ‘ದಿ ಜೆಫರ್ಸನ್ಸ್ ಅಟ್ ಷ್ಯಾಡ್ವೆಲ್’ (2010) ಓದಿದ ಮೇಲೆ ಇನ್ನು ಹಾಗೆ ಹೇಳಲಾರೆ.

ಆಗ ಜೆಫರ್ಸನ್ನನಿಗೆ ಇಪ್ಪತ್ತಾರು ವರ್ಷ, ವಕೀಲ. ಅದೇ ತಿಂಗಳು ಗೆಳೆಯ ಜಾನ್ ಪೇಜ್‌ಗೆ ಬರೆದ ಕಾಗದದಲ್ಲಿ ಸುಟ್ಟದ್ದು ತನ್ನ ತಾಯಿಯ ಮನೆಯೆಂದೇ ಹೇಳುತ್ತಾನೆ. ಆದರೆ ದುಃಖವೆಲ್ಲ ಪುಸ್ತಕ, ಕಾಗದಪತ್ರಗಳಿಗಾಗಿ. ಪುಸ್ತಕಗಳ ಬೆಲೆ 200 ಪೌಂಡು. ಹಣವೇ ಹೋಗಿದ್ದರೆ ಚೆನ್ನಾಗಿತ್ತೆಂಬ ಹಂಬಲ ಬೇರೆ. (ಗೆದ್ದಲಿಗೆ ಒಂದು ಕಪಾಟು ತೆತ್ತ ನನಗೆ ಈ ಸಂಕಟ ಅರ್ಥವಾಗದೆ ಇಲ್ಲ.) ತಾಯಿ ಜೇನ್ 1776ರಲ್ಲಿ ತೀರಿಕೊಂಡಾಗಲೂ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದು ಮುಗಿಸಿದ.

ಇಷ್ಟನ್ನು ಹಿಡಿದು ಕೆಲವು ಚರಿತ್ರಕಾರರು ಮಗನಿಗೆ ತಾಯಿಯ ಮೇಲೆ ಪ್ರೀತಿಯೇ ಇರಲಿಲ್ಲವೆಂದು ತೀರ್ಪು ಕೊಟ್ಟರು. ಇದೆಂಥ ವಿಮರ್ಶೆ! ಅದುವರೆಗಿನ ಅವನ ಕಾಗದಪತ್ರಗಳು ಆ ಮನೆಯಲ್ಲಿಯೇ ಉರಿದುಹೋದುವು. ಬೂದಿಯಾದದ್ದನ್ನು ಬರೆಯಲೇ ಇಲ್ಲವೆಂದು ಎಣಿಸುವುದು ನ್ಯಾಯವೆ?

ಕರ್ನ್ ಅವರು ಕಾಗದವಿಲ್ಲದಲ್ಲಿ ನೆಲವನ್ನು ಓದಿದ್ದಾರೆ. ಉತ್ಖನನದಲ್ಲಿ ಸಿಕ್ಕ ಒಡೆದ ಪಿಂಗಾಣಿಯನ್ನು ತಂದೆ ಪೀಟರ್ 1757ರಲ್ಲಿ ಸತ್ತಾಗ ಮಾಡಿದ ಆಸ್ತಿಪಟ್ಟಿಯೊಡನೆ ಇಟ್ಟು ನೋಡುತ್ತಾರೆ. ಕಾಡಂಚಿನ ಒರಟು ಗುಡಿಸಲೆಂದು ನಂಬಿದ್ದ ಕಡೆ ಚಹದ ಬಟ್ಟಲು, ನಯವಾದ ಊಟದ ಮೇಜು ಕಾಣಿಸುತ್ತವೆ. ಅದನ್ನೆಲ್ಲ ವಿಧವೆ ಜೇನ್ ನಡೆಸಿದಳು. ಲಂಡನ್ನಿನಲ್ಲಿ ತಾನು ಹುಟ್ಟಿದ ಕೇರಿಯ ಹೆಸರೇ ಆ ಮನೆಗೆ. ಗದ್ಯ ಹಗುರವಲ್ಲ, ಪಟ್ಟಿಗಳು ಹೆಚ್ಚು, ಓದುಗ ಸಹಿಸಿಕೊಳ್ಳಬೇಕು.

ಆ ಮೇಜಿನ ಹಿಂದೆ ಅರವತ್ತಕ್ಕೂ ಹೆಚ್ಚು ಗುಲಾಮರ ದುಡಿಮೆಯಿತ್ತು. ಪಿಟೀಲಿನ ಕತೆಯ ನಗೆ ನಿಂತಿರುವುದು ಅವರಲ್ಲೊಬ್ಬನ ಅಜ್ಞಾನದ ಮೇಲೆ: ಪುಸ್ತಕದ ಬೆಲೆ ಅವನಿಗೇನು ಗೊತ್ತು ಎಂದು. ನನಗೆ ಹಾಗೆ ತೋರುವುದಿಲ್ಲ. ಒಡೆಯನಿಗೆ ಪಿಟೀಲು ಎಷ್ಟು ಪ್ರಿಯವೆಂಬುದನ್ನು ಬಲ್ಲವನೇ ಅದನ್ನು ಎತ್ತಿ ತಂದಾನು. ಅವನ ಹೆಸರನ್ನು ಕತೆ ಹೇಳುವುದಿಲ್ಲ.