ಮುರಕಲ್ಲಿನ ಎದುರು ಆಗರ್

ಕಾರಡ್ಕದ ಗುಡ್ಡೆಗಳಲ್ಲಿ ಹೆಚ್ಚು ಅಗೆಯಬೇಕಾಗಿಲ್ಲ, ಮುರಕಲ್ಲು ಸಿಕ್ಕಿಬಿಡುತ್ತದೆ. ಗುಂಡಿ ತೋಡುವ ಪೆಟ್ರೋಲ್ ಆಗರ್ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ತೀರ್ಮಾನಿಸುವುದು ಈ ಕಲ್ಲು. ಅಂಗಡಿಯಲ್ಲಿ ಮಾತ್ರ ಮೊದಲು ಹೇಳುವುದು ಎಂಜಿನಿನ ಸಿ.ಸಿ.: 52, 63, ಅದಕ್ಕೂ ಮೇಲೆ. ಸಿ.ಸಿ. ಏರಿದಷ್ಟು ಬಾಳಿಕೆಯೂ ಏರುತ್ತದೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

ಕೆನಡಾ, ಫಿನ್‌ಲೆಂಡ್‌ಗಳಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ಸರೋವರಗಳ ಮೇಲೆ ಮೀನು ಹಿಡಿಯುವವರು ಇಂಥದೇ ಯಂತ್ರದಿಂದ ಮಂಜುಗಡ್ಡೆಗೆ ತೂತು ಕೊರೆಯುತ್ತಾರೆ. ಮಂಜುಗಡ್ಡೆ ಬಹುಮಟ್ಟಿಗೆ ಒಂದೇ ಹದ. ಅಲಗು ಹರಿತವಾಗಿದ್ದರೆ ತೆಂಗಿನಕಾಯಿ ತುರಿದ ಹಾಗೆ ಇಳಿಯುತ್ತದೆ. ಮುರಕಲ್ಲಿನಲ್ಲಿ ಮೆತ್ತಗಿನ ಜೇಡಿಯ ಪಕ್ಕದಲ್ಲೇ ಕಬ್ಬಿಣದ ಅಂಶ ಕಟ್ಟಿ ಗಟ್ಟಿಯಾದ ಭಾಗವಿರುತ್ತದೆ. ಕೊರೆಯುವ ಸುರುಳಿ, ಅಂದರೆ ಬಿಟ್, ಒಂದು ಬದಿಯಲ್ಲಿ ಕಚ್ಚಿ ನಿಂತರೂ ಎಂಜಿನ್ ತಿರುಗುತ್ತಲೇ ಇರುತ್ತದೆ. ಆ ಏಟು ಗೇರ್ ಬಾಕ್ಸಿಗೂ ಹಿಡಿದವರ ಮಣಿಕಟ್ಟಿಗೂ ಬೀಳುತ್ತದೆ. ದೊಡ್ಡ ಎಂಜಿನಾದರೆ ಏಟೂ ದೊಡ್ಡದು.

ಆದ್ದರಿಂದ ನಾನು ಮೊದಲು ನೋಡುವುದು ಬಿಟ್ಟಿನ ತುದಿಯ ಹಲ್ಲುಗಳನ್ನು. ಅವನ್ನು ಬೋಲ್ಟ್ ಬಿಚ್ಚಿ ಬದಲಾಯಿಸುವಂತಿರಬೇಕು. ಸುರುಳಿಗೇ ಬೆಸೆದುಬಿಟ್ಟ ಅಲಗು ಸವೆದರೆ ಇಡೀ ಬಿಟ್ ದಂಡ. ಆಮೇಲೆ ಬಿಟ್ಟನ್ನೂ ಯಂತ್ರವನ್ನೂ ಜೋಡಿಸುವ ಪಿನ್ನು. ಹೊರೆ ಮಿತಿಮೀರಿದಾಗ ತಾನು ತುಂಡಾಗಿ ಗೇರನ್ನು ಉಳಿಸಲೆಂದೇ ಕೆಲವು ಯಂತ್ರಗಳಲ್ಲಿ ಮೆದು ಪಿನ್ನು ಇಟ್ಟಿರುತ್ತಾರೆ. ಪದೇಪದೇ ತುಂಡಾಗುತ್ತದೆಂದು ಅಲ್ಲಿ ಗಟ್ಟಿ ಉಕ್ಕಿನ ಬೋಲ್ಟ್ ತುರುಕಿದರೆ ಮುಂದಿನ ಸರದಿ ಗೇರಿನದು. ಬಿಟ್ ಸಿಕ್ಕಿಕೊಂಡ ಕೂಡಲೇ ತಡೆಯುವ ಬ್ರೇಕ್ ಸ್ಟಿಲ್ ಕಂಪೆನಿಯ ಬಿಟಿ 131ರಂಥ ಯಂತ್ರದಲ್ಲಿದೆ. ಅದರ ಎಂಜಿನ್ ಬರೀ 36.3 ಸಿ.ಸಿ. ಬೆಲೆ ಹೆಚ್ಚು, ನಿಜ. ಆದರೂ ನಮ್ಮ ಗುಡ್ಡೆಗೆ ಆ ಬ್ರೇಕಿನ ಬೆಲೆ ಸಿ.ಸಿ.ಗಿಂತ ಮೇಲು.

ಇನ್ನು ಮಳೆಗಾಲ. ಮುರಕಲ್ಲಿನಿಂದ ಪಾರಾದ ಯಂತ್ರ ಆಟಿ ತಿಂಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಸಾಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಎಥೆನಾಲ್ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಉಳಿದ ಎಣ್ಣೆ ಬೆರೆಸಿದ ಪೆಟ್ರೋಲು ಕಾರ್ಬೊರೇಟರಿನಲ್ಲಿ ಅಂಟುಕಟ್ಟಿ, ಒಳಗಿನ ರಬ್ಬರ್ ಪೊರೆ ಸೆಟೆದುಕೊಳ್ಳುವಂತೆ ಮಾಡುತ್ತದೆ. ಮಳೆ ಹಿಡಿಯುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಗೇರ್ ಬಾಕ್ಸಿಗೆ ಗ್ರೀಸ್ ತುಂಬಿಸಿ ಇಟ್ಟರೆ ತುಲಾ ತಿಂಗಳಲ್ಲಿ ಹಗ್ಗ ಎಳೆದಾಗ ಅದು ಮಾತು ಕೇಳುತ್ತದೆ. ಇದನ್ನು ಮಾಡದೆ ಕಂಪೆನಿಯನ್ನು ಬೈಯುವುದು ಸರಿಯಲ್ಲ.

ಕೆಲಸದ ಮಟ್ಟಿಗೂ ಒಂದು ಮಾತು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಅಡಿಕೆ ಸಸಿಗೆ ಹೇಳುವ ಗುಂಡಿ ಉದ್ದ, ಅಗಲ, ಆಳ ಎಲ್ಲವೂ 90 ಸೆಂಟಿಮೀಟರ್. ಹನ್ನೆರಡು ಇಂಚಿನ ಬಿಟ್ ಅಷ್ಟೇ ಆಳಕ್ಕೆ ಇಳಿದರೂ ಹೊರಗೆ ಬರುವ ಮಣ್ಣು ಆ ಗುಂಡಿಯ ಮಣ್ಣಿನ ಹನ್ನೊಂದರಲ್ಲಿ ಒಂದು ಪಾಲು. ಅಡಿಕೆ ಗುಂಡಿಗೆಂದು ಆಗರ್ ಕೊಳ್ಳುವವರು ಮೋಸಹೋಗುತ್ತಾರೆ. ಬೇಲಿ ಕಂಬಕ್ಕೆ, ಹಳೆ ತೋಟದಲ್ಲಿ ಗೊಬ್ಬರದ ಕುಳಿಗೆ ಅದು ಒಳ್ಳೆಯದೇ. ಕರಿಮೆಣಸಿನ ಬಳ್ಳಿಗಾದರೆ ಕೊರೆದ ತೂತನ್ನು ಹಾರೆಯಿಂದ ಅಗಲಿಸಬೇಕು. ಒದ್ದೆ ಜೇಡಿಯಲ್ಲಿ ತಿರುಗಿದ ಬಿಟ್ ಗುಂಡಿಯ ಗೋಡೆಯನ್ನು ಮಡಕೆಯಂತೆ ನುಣುಪು ಮಾಡಿ ಬಿಡುತ್ತದೆ, ನೀರೂ ಬೇರೂ ಹೊರಗೆ ದಾಟಲು ಕಷ್ಟಪಡುತ್ತವೆ. ಹಾರೆಯ ತುದಿಯಿಂದ ಗೋಡೆ ಕೆದಕಿಯೇ ನೆಡಬೇಕು. ಯಂತ್ರ ಬಂದ ಮನೆಯಲ್ಲೂ ಹಾರೆಗೆ ಕೆಲಸ ಉಳಿದೇ ಇದೆ.

ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಈ ಯಂತ್ರವನ್ನು ಮನೆಗೊಂದರಂತೆ ಅಗ್ಗದ್ದು ಕೊಳ್ಳುವ ಬದಲು, ನೆರೆಕರೆಯ ನಾಲ್ಕು ಮನೆಯವರು ಸೇರಿ ಗಟ್ಟಿಯಾದ ಒಂದನ್ನು ಕೊಳ್ಳಿ. ಕೊಳ್ಳುವ ಮೊದಲು ಅದರ ಹಲ್ಲು, ಪಿನ್ನು, ಕಾರ್ಬೊರೇಟರಿನ ಪೊರೆ ಮುಳ್ಳೇರಿಯದಲ್ಲೋ ಕಾಸರಗೋಡಿನಲ್ಲೋ ಸಿಗುತ್ತವೆಯೇ ಎಂದು ವಿಚಾರಿಸಿ. ಸಿಗುವುದಿಲ್ಲ ಎಂದಾದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.