ವಿಮ್ ಸಂಪಾದಕದ ಪ್ಲಗಿನ್‌ಗಳು: ಬರೆಯುವುದು ಸುಲಭ, ಹೊಣೆ ಯಾರದು?

ಟರ್ಮಿನಲ್ ಎಂದರೆ ಅಕ್ಷರಗಳಷ್ಟೇ ಮೂಡುವ, ಮೌಸ್ ಇಲ್ಲದೆಯೂ ಕೆಲಸ ಸಾಗುವ ಪರದೆ. ಅದರಲ್ಲಿ ನಡೆಯುವ ಪಠ್ಯ ಸಂಪಾದಕ ತಂತ್ರಾಂಶಗಳ ಪೈಕಿ ‘ವಿಮ್’ ಬಹಳ ಹೆಸರಾದದ್ದು. ಅಮೆರಿಕದ ಬರ್ಕ್ಲಿಯಲ್ಲಿ ಬಿಲ್ ಜಾಯ್ ಅವರು 1976ರಲ್ಲಿ ರಚಿಸಿದ ‘ವಿಐ’ ಸಂಪಾದಕದ ಮಾದರಿಯಲ್ಲಿ ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ಇದನ್ನು ಬೆಳೆಸಿ, 1991ರಲ್ಲಿ ಬಿಡುಗಡೆ ಮಾಡಿದರು. 2001ರ 6.0 ಆವೃತ್ತಿಯಿಂದ ಇದಕ್ಕೆ ಪ್ಲಗಿನ್ ಸೌಲಭ್ಯ ಬಂದಿತು. ಮೂಲ ತಂತ್ರಾಂಶವನ್ನು ಮುಟ್ಟದೆ ಅದಕ್ಕೆ ಹೊಸ ಸಾಮರ್ಥ್ಯ ಜೋಡಿಸುವ ಪುಟ್ಟ ಪ್ರೋಗ್ರಾಂ ಅನ್ನು ಪ್ಲಗಿನ್ ಎನ್ನುತ್ತಾರೆ.

ಅಂದಿನಿಂದ ಜಗತ್ತಿನ ನಾನಾ ಕಡೆಯವರು ಸಾವಿರಾರು ಪ್ಲಗಿನ್‌ಗಳನ್ನು ಬರೆದು ಹಂಚಿದ್ದಾರೆ. ಈ ವ್ಯವಸ್ಥೆಯ ಯಶಸ್ಸಿಗೂ ಕೊರತೆಗೂ ಕಾರಣ ಒಂದೇ ಎಂಬುದು ಈ ಲೇಖನದ ವಾದ. ಪ್ಲಗಿನ್ ಬರೆಯುವವರನ್ನು ವಿಮ್ ಪೂರ್ತಿಯಾಗಿ ನಂಬುತ್ತದೆ. ಆ ನಂಬಿಕೆಯ ಲಾಭವೇನು, ಬೆಲೆಯೇನು?

ರಚನೆಯ ಸರಳತೆ

ಪ್ಲಗಿನ್ ಎಂದರೆ ಕೆಲವು ಕಡತಗಳಿರುವ ಒಂದು ಫೋಲ್ಡರ್, ಅಷ್ಟೆ. ಅದರೊಳಗೆ ‘ಪ್ಲಗಿನ್’ ಎಂಬ ಉಪಫೋಲ್ಡರ್‌ನಲ್ಲಿಟ್ಟ ಕಡತಗಳು ಸಂಪಾದಕ ತೆರೆದೊಡನೆ ಓಡುತ್ತವೆ. ‘ಆಟೋಲೋಡ್’ನಲ್ಲಿರುವವು ಅಗತ್ಯ ಬಿದ್ದಾಗ ಮಾತ್ರ ಓಡುತ್ತವೆ. ‘ಡಾಕ್’ನಲ್ಲಿ ಸಹಾಯ ಪಠ್ಯ ಇರುತ್ತದೆ. ಸಂಕಲನ ಮಾಡಬೇಕಿಲ್ಲ, ಬೇರೆ ಸಲಕರಣೆ ಬೇಕಿಲ್ಲ. ಸಾಲಿನ ಕೊನೆಯಲ್ಲಿ ಉಳಿದ ಖಾಲಿ ಜಾಗವನ್ನು ಅಳಿಸುವಂಥ ಪ್ಲಗಿನ್ಅನ್ನು ವಿದ್ಯಾರ್ಥಿಯೊಬ್ಬ ಹತ್ತು ಸಾಲುಗಳಲ್ಲಿ ಬರೆದು ಅಂದೇ ಬಳಸಬಹುದು. ಕಲಿಕೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ.

ಆದರೆ ಎಲ್ಲವನ್ನೂ ಮೊದಲ ಫೋಲ್ಡರ್‌ನಲ್ಲೇ ತುಂಬಿದರೆ ಸಂಪಾದಕ ತೆರೆಯುವುದೇ ತಡವಾಗುತ್ತದೆ. 2006ರ 7.0 ಆವೃತ್ತಿಯಲ್ಲಿ ಬಂದ ಆಟೋಲೋಡ್ ಇದಕ್ಕೆ ಪರಿಹಾರ. ಅದನ್ನು ಬಳಸಲೇಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ.

ಭಾಷೆಯ ದೋಷಗಳು

ಪ್ಲಗಿನ್ ಬರೆಯುವ ‘ವಿಮ್‌ಸ್ಕ್ರಿಪ್ಟ್’ ಭಾಷೆ ಸಂಪಾದಕದ ಆಜ್ಞೆಗಳಿಂದಲೇ ಬೆಳೆದು ಬಂದದ್ದು. ಹಾಗಾಗಿ ಬಳಕೆದಾರರ ಆಯ್ಕೆಗಳು ಪ್ರೋಗ್ರಾಂನ ಅರ್ಥವನ್ನೇ ಬದಲಿಸಬಲ್ಲವು. ಉದಾಹರಣೆಗೆ, ಎರಡು ಪದಗಳು ಒಂದೇ ಆಗಿವೆಯೇ ಎಂದು ‘==’ ಚಿಹ್ನೆಯಿಂದ ಹೋಲಿಸುತ್ತೇವೆ ಎನ್ನೋಣ. ಹುಡುಕುವಾಗ ಇಂಗ್ಲಿಷಿನ ದೊಡ್ಡಕ್ಷರ–ಸಣ್ಣಕ್ಷರ ಭೇದ ಬೇಡ ಎಂದು ಬಳಕೆದಾರರು ಸೂಚಿಸಿದ್ದರೆ ಈ ಹೋಲಿಕೆಯ ಉತ್ತರವೂ ಬದಲಾಗುತ್ತದೆ! ಬರೆದವರ ಗಣಕದಲ್ಲಿ ಸರಿಯಾಗಿದ್ದದ್ದು ಇನ್ನೊಬ್ಬರ ಗಣಕದಲ್ಲಿ ತಪ್ಪಾಗುತ್ತದೆ. ‘==#’ ಎಂದು ಬರೆದರೆ ಈ ಅಪಾಯವಿಲ್ಲ; ಆದರೆ ಅದನ್ನು ತಿಳಿದಿರಬೇಕು. ಅಂಕಿಯೇ ಇಲ್ಲದ ಪದಕ್ಕೆ 1ನ್ನು ಕೂಡಿಸಿದರೆ ತಪ್ಪೆಂದು ಹೇಳದೆ, ಪದವನ್ನು ಸೊನ್ನೆಯೆಂದು ಎಣಿಸಿ 1 ಎಂಬ ಉತ್ತರ ಕೊಡುವುದೂ ಇಂಥದೇ ದೋಷ.

2022ರ 9.0 ಆವೃತ್ತಿಯೊಡನೆ ಬಂದ ‘ವಿಮ್9 ಸ್ಕ್ರಿಪ್ಟ್’ ಇವೆರಡನ್ನೂ ಸರಿಪಡಿಸಿತು, ವೇಗವನ್ನೂ ಹೆಚ್ಚಿಸಿತು. ಹಳೆಯ ಭಾಷೆಯೂ ಜೊತೆಗೆ ಉಳಿದಿದೆ.

ಕನ್ನಡಿಗರು ಗಮನಿಸಬೇಕಾದ ಅಂಶ ಇನ್ನೊಂದಿದೆ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು 6 ಸಂಕೇತಗಳ ಸರಣಿ. ಯುಟಿಎಫ್-8 ರೂಪದಲ್ಲಿ 18 ಬೈಟ್. ವಿಮ್‌ನಲ್ಲಿ ಬೈಟ್ ಎಣಿಸಲು ಒಂದು ಫಂಕ್ಷನ್, ಸಂಕೇತ ಎಣಿಸಲು ಇನ್ನೊಂದು, ಪರದೆಯ ಮೇಲಿನ ಅಗಲಕ್ಕೆ ಮತ್ತೊಂದು ಇವೆ. ಇಂಗ್ಲಿಷ್ ಅಕ್ಷರಗಳಿಗೆ ಮೂರರ ಉತ್ತರವೂ ಒಂದೇ. ಆದ್ದರಿಂದ ಇಂಗ್ಲಿಷ್ ಪಠ್ಯದಲ್ಲಷ್ಟೇ ಪರೀಕ್ಷಿಸಿ, ಬೈಟ್‌ಗಳನ್ನು ಎಣಿಸಿ ಕೋಷ್ಟಕ ಜೋಡಿಸುವ ಪ್ಲಗಿನ್ ಕನ್ನಡ ಪಠ್ಯಕ್ಕೆ ಬಂದಾಗ ಸಾಲುಗಳನ್ನು ಕೆಡಿಸುತ್ತದೆ.

ಒಳ್ಳೆಯ ಪ್ಲಗಿನ್ ಹೇಗಿರುತ್ತದೆ?

ವಿಐನ ಆಜ್ಞೆಗಳಿಗೆ ಒಂದು ವ್ಯಾಕರಣವಿದೆ. ‘ಡಿ’ ಕೀಲಿ ಅಳಿಸು ಎಂಬ ಕ್ರಿಯಾಪದ; ‘ಡಬ್ಲ್ಯೂ’ ಪದವನ್ನು ಸೂಚಿಸುತ್ತದೆ. ಎರಡನ್ನೂ ಒತ್ತಿದರೆ ಪದವೊಂದು ಅಳಿಯುತ್ತದೆ. ಟಿಮ್ ಪೋಪ್ ಅವರ ‘ಸರೌಂಡ್’ ಪ್ಲಗಿನ್ ಇದೇ ವ್ಯಾಕರಣವನ್ನು ಮುಂದುವರಿಸುತ್ತದೆ. ‘ಸಿ’, ‘ಎಸ್’ ಒತ್ತಿ ನಂತರ ಹಳೆಯ ಮತ್ತು ಹೊಸ ಚಿಹ್ನೆಗಳನ್ನು ಒತ್ತಿದರೆ, ಪದದ ಸುತ್ತಲಿನ ಜೋಡಿ ಉದ್ಧರಣ ಚಿಹ್ನೆ ಒಂಟಿಯಾಗುತ್ತದೆ. ಕಲಿಯಬೇಕಾದದ್ದು ಕಡಿಮೆ, ಸಿಗುವ ಶಕ್ತಿ ಹೆಚ್ಚು. ಇದರ ಹಿರಿಮೆ ಇರುವುದು ಇಲ್ಲೇ.

ಅದೇ ಪ್ಲಗಿನ್ ವಿಮ್‌ನ ಕೊರತೆಯನ್ನೂ ತೋರಿಸುತ್ತದೆ. ಹಿಂದಿನ ಬದಲಾವಣೆಯನ್ನು ಮತ್ತೆ ಮಾಡಲು ಚುಕ್ಕೆ ಕೀಲಿ ಇದೆ. ಆದರೆ ಪ್ಲಗಿನ್ ಸೇರಿಸಿದ ಆಜ್ಞೆಯ ನಂತರ ಚುಕ್ಕೆ ಒತ್ತಿದರೆ, ಸಾಮಾನ್ಯವಾಗಿ ಅದರೊಳಗಿನ ಕೊನೆಯ ಮೂಲ ಆಜ್ಞೆಯಷ್ಟೇ ಮರುಕಳಿಸುತ್ತದೆ. ಇದನ್ನು ಸರಿಪಡಿಸಲು ಪೋಪ್ ಅವರೇ ‘ರಿಪೀಟ್’ ಎಂಬ ಇನ್ನೊಂದು ಪ್ಲಗಿನ್ ಬರೆಯಬೇಕಾಯಿತು.

ಕೀಲಿಗಳ ವಿಷಯದಲ್ಲೂ ಎಚ್ಚರ ಬೇಕು. ವಿಮ್‌ನ ಕೈಪಿಡಿಯ ಸಲಹೆ ಸ್ಪಷ್ಟವಾಗಿದೆ: ಪ್ಲಗಿನ್ ತನ್ನ ಆಜ್ಞೆಗೆ ಒಂದು ಕಾಲ್ಪನಿಕ ಕೀಲಿಯ ಹೆಸರಿಡಬೇಕು, ನಿಜವಾದ ಕೀಲಿಯನ್ನು ಆರಿಸಲು ಬಳಕೆದಾರರಿಗೆ ಅವಕಾಶವಿರಬೇಕು. ಇದನ್ನು ಕಡೆಗಣಿಸಿದ ಪ್ಲಗಿನ್ ಇನ್ನೊಬ್ಬರ ಮನೆಗೆ ಹೋಗಿ ಪಾತ್ರೆಗಳ ಜಾಗ ಬದಲಿಸಿದ ಅತಿಥಿಯಂತೆ.

ಪ್ರಕಟಣೆ ಮತ್ತು ನಂಬಿಕೆ

ಮೊದಲು ಹಂಚಿದ ಕಡತಗಳನ್ನು ಬಳಕೆದಾರರು ಒಂದೇ ಫೋಲ್ಡರ್‌ಗೆ ಬಿಚ್ಚಿಕೊಳ್ಳುತ್ತಿದ್ದರು. ಯಾವ ಕಡತ ಯಾವ ಪ್ಲಗಿನ್‌ನದೆಂದು ತಿಳಿಯದೆ ತೆಗೆದುಹಾಕುವುದು ಕಷ್ಟವಾಗುತ್ತಿತ್ತು. ಪ್ರತಿ ಪ್ಲಗಿನ್ಅನ್ನೂ ಅದರದೇ ಫೋಲ್ಡರ್‌ನಲ್ಲಿಡುವ ದಾರಿಯನ್ನು ಪೋಪ್ ಅವರ ‘ಪ್ಯಾಥೋಜೆನ್’ ಜನಪ್ರಿಯಗೊಳಿಸಿತು. 2016ರ 8.0 ಆವೃತ್ತಿ ಇಂಥ ಏರ್ಪಾಡನ್ನು ವಿಮ್‌ನೊಳಗೇ ತಂದಿತು. ಗಿಟ್ ಬಳಕೆ ಹರಡಿದ ಮೇಲೆ ಪ್ರಕಟಣೆ ಇನ್ನೂ ಸುಲಭವಾಯಿತು. ಲೇಖಕರು ಬದಲಾವಣೆಯನ್ನು ಸೇರಿಸಿದರೆ ಸಾಕು. ಬಳಕೆದಾರರು ನವೀಕರಿಸಿದಾಗ ಅದು ಅವರಲ್ಲಿಗೆ ತಲುಪುತ್ತದೆ.

ನಡುವೆ ಪರಿಶೀಲಿಸುವವರು ಯಾರು? ಬಹುಪಾಲು ಯಾರೂ ಇಲ್ಲ. ಕಡತ ಅಳಿಸುವುದು, ಜಾಲ ಸಂಪರ್ಕ ಮಾಡುವುದು ಸೇರಿದಂತೆ ಬಳಕೆದಾರರಿಗೆ ಇರುವ ಎಲ್ಲ ಅಧಿಕಾರವೂ ಪ್ಲಗಿನ್‌ಗೆ ಇರುತ್ತದೆ. 2019ರಲ್ಲಿ ಬೆಳಕಿಗೆ ಬಂದ ಒಂದು ದೋಷ ಇಲ್ಲಿ ನೆನಪಿಸಿಕೊಳ್ಳತಕ್ಕದ್ದು. ಕಡತದ ಮೊದಲ ಅಥವಾ ಕೊನೆಯ ಸಾಲುಗಳಲ್ಲಿ ಸಂಪಾದಕಕ್ಕೆ ಸೂಚನೆ ಬರೆಯುವ ‘ಮೋಡ್‌ಲೈನ್’ ಸೌಲಭ್ಯದ ಮೂಲಕ, ಕಡತ ತೆರೆದ ಮಾತ್ರಕ್ಕೆ ಅನ್ಯರ ಆಜ್ಞೆ ಓಡುವ ಸಾಧ್ಯತೆ ಇತ್ತು. ವಿಮ್‌ನ 8.1.1365 ತಿದ್ದುಪಡಿ ಅದನ್ನು ಮುಚ್ಚಿತು. ಮೋಡ್‌ಲೈನ್‌ಗೆ ‘ಸ್ಯಾಂಡ್‌ಬಾಕ್ಸ್’ ಎಂಬ ಬೇಲಿಯಾದರೂ ಇತ್ತು. ಬೇಲಿಯಲ್ಲಿ ಕಂಡಿ ಬಿದ್ದಿತ್ತು. ಪ್ಲಗಿನ್‌ಗೆ ಬೇಲಿಯೇ ಇಲ್ಲ.

ಲೇಖಕರ ನಂತರ

2014ರಲ್ಲಿ ವಿಮ್‌ನಿಂದ ಕವಲೊಡೆದ ‘ನಿಯೋವಿಮ್’ ಲುವಾ ಭಾಷೆಯನ್ನು ಆರಿಸಿಕೊಂಡಿತು. ವಿಮ್9 ಸ್ಕ್ರಿಪ್ಟ್ ಅಲ್ಲಿ ಓಡದು. ನಿಯೋವಿಮ್‌ಗಾಗಿ ಲುವಾದಲ್ಲಿ ಬರೆದದ್ದು ವಿಮ್‌ನಲ್ಲಿ ನಡೆಯದು. ಎರಡರಲ್ಲೂ ಸಾಮಾನ್ಯವಾಗಿ ನಡೆಯುವುದು ದೋಷಗಳಿರುವ ಹಳೆಯ ಭಾಷೆಯೇ! ಈ ಕವಲು ಪ್ಲಗಿನ್ ಲೇಖಕರ ಶ್ರಮವನ್ನು ಇಬ್ಭಾಗ ಮಾಡಿದೆ.

2023ರ ಆಗಸ್ಟ್ 3ರಂದು ಮೂಲೆನಾರ್ ತೀರಿಕೊಂಡರು. ಸಹಯೋಗಿಗಳು ಕೆಲಸ ಮುಂದುವರಿಸಿ, 2024ರ ಜನವರಿಯಲ್ಲಿ ಹೊರತಂದ 9.1 ಆವೃತ್ತಿಯನ್ನು ಅವರಿಗೆ ಅರ್ಪಿಸಿದರು. ವಿಮ್‌ಗೆ ಅಂಥ ಬಳಗವಿತ್ತು. ಒಬ್ಬರೇ ಬರೆದ ಪ್ಲಗಿನ್‌ಗೆ ಹೆಚ್ಚಾಗಿ ಅದು ಇರುವುದಿಲ್ಲ. ಪರವಾನಗಿಯನ್ನೂ ನಮೂದಿಸದಿದ್ದರೆ, ಲೇಖಕರು ಕೈಬಿಟ್ಟ ಮೇಲೆ ಇನ್ನೊಬ್ಬರು ಅದನ್ನು ತಿದ್ದಿ ಹಂಚಲು ಕಾನೂನಿನ ಆಧಾರವೇ ಇಲ್ಲ. ನಾಲ್ಕು ಸಾಲಿನ ಈ ಲೋಪದಿಂದ ವರ್ಷಗಳ ದುಡಿಮೆ ವ್ಯರ್ಥವಾಗಬಹುದು.

ವಿಮ್‌ನ ಮುಕ್ತತೆಯನ್ನು ದೂರಿ ಪ್ರಯೋಜನವಿಲ್ಲ. ಅನುಮತಿ ಕೇಳದೆ ಬರೆಯುವ ಸ್ವಾತಂತ್ರ್ಯವಿದ್ದುದರಿಂದಲೇ ಸರೌಂಡ್‌ನಂಥವು ಹುಟ್ಟಿದವು. ಆದರೆ ಕಟ್ಟುಪಾಡಿಲ್ಲದ ಕಡೆ ಶಿಸ್ತನ್ನು ಬರೆಯುವವರೇ ತರಬೇಕು. ಅಧ್ಯಾಪಕರು ವಿದ್ಯಾರ್ಥಿಗಳಿಗೆ ಪ್ಲಗಿನ್ ರಚನೆಯನ್ನು ಅಭ್ಯಾಸವಾಗಿ ಕೊಟ್ಟಾಗ, ಅದು ಓಡುತ್ತದೆಯೇ ಎಂಬುದಕ್ಕಷ್ಟೇ ಅಂಕ ಕೊಡಬಾರದು. ಸಹಾಯ ಪಠ್ಯ ಇದೆಯೇ? ಬಳಕೆದಾರರ ಕೀಲಿಗಳನ್ನು ಕಿತ್ತುಕೊಂಡಿದೆಯೇ? ಕನ್ನಡ ಪಠ್ಯದಲ್ಲಿ ಪರೀಕ್ಷಿಸಿದ್ದಾರೆಯೇ? ಪರವಾನಗಿ ಬರೆದಿದ್ದಾರೆಯೇ? ಈ ಪ್ರಶ್ನೆಗಳಿಗೂ ಅಂಕವಿರಲಿ. ಮತ್ತೊಬ್ಬರ ಪ್ಲಗಿನ್ ಜೋಡಿಸಿಕೊಳ್ಳುವ ಮುನ್ನ ಅದರ ಸಾಲುಗಳನ್ನು ಒಮ್ಮೆ ಓದುವ ಅಭ್ಯಾಸವೂ ತರಗತಿಯಲ್ಲೇ ಆರಂಭವಾಗಲಿ.