‘ಪಾಸ್’ ಎಂದವಳ ಡಬ್ಬಿ

ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಈ ಆಟ ಗೊತ್ತೇ ಇರುತ್ತದೆ. ಹೊಸ ಪ್ರಾಜೆಕ್ಟ್ ಶುರುವಾದಾಗ ಟೀಮಿನವರ ಸಂಕೋಚ ಬಿಡಲಿ ಎಂದು ಎಲ್ಲರನ್ನೂ ದುಂಡಗೆ ಕೂರಿಸಿ ಒಂದು ಪ್ರಶ್ನೆ ಕೇಳುತ್ತಾರೆ. ಎರಡು ವರ್ಷದ ಹಿಂದೆ ನಮ್ಮ ಪುಣೆ ಆಫೀಸಿನಲ್ಲಿ ಕೇಳಿದ ಪ್ರಶ್ನೆ: ನೀವು ಈವರೆಗೆ ತಿಂದದ್ದರಲ್ಲೆಲ್ಲ ಅತಿ ವಿಚಿತ್ರವಾದದ್ದು, ಅಸಹ್ಯವಾದದ್ದು ಯಾವುದು? ಒಬ್ಬ ಬ್ಯಾಂಕಾಕಿನಲ್ಲಿ ಕರಿದ ಚೇಳು ತಿಂದಿದ್ದ. ಇನ್ನೊಬ್ಬ ದುರಿಯನ್ ಹಣ್ಣನ್ನು ಬಾಯಿಗಿಟ್ಟು ಉಗುಳಿದ್ದ. ನಾನು ಸ್ವೀಡನ್ನಿನ ಹುಳಿಮೀನಿನ ಕತೆ ಹೇಳಿದೆ. ಈ ಕತೆಯನ್ನು ಏಳೆಂಟು ಸಲವಾದರೂ ಹೇಳಿದ್ದೇನೆ; ಎಲ್ಲಿ ತಡೆಯಬೇಕು, ಎಲ್ಲಿ ಮೂಗು ಹಿಡಿಯಬೇಕು ಎಂಬುದೆಲ್ಲ ರೂಢಿಯಾಗಿದೆ. ಎಲ್ಲರೂ ನಕ್ಕರು. ಸರದಿ ಇಂಫಾಲದ ಹುಡುಗಿಗೆ ಬಂತು. ಆಕೆ ‘ಪಾಸ್’ ಎಂದಳು.

ಯಾಕೆ ಎಂದಳೆಂದು ಆ ಕೋಣೆಯಲ್ಲಿ ನನಗೆ ಗೊತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಕತೆಗಳ ಬಗ್ಗೆ ಮಾತಾಡಬೇಕು, ಯಾಕೆಂದರೆ ಇದೂ ಒಂದು ಸಾಹಿತ್ಯ ಪ್ರಕಾರವೇ. ಪ್ರವಾಸ ಕಥನದ ಒಳಗೊಂದು ಸಣ್ಣ ಕೋಣೆ ಮಾಡಿಕೊಂಡು ಬಾಳುತ್ತಿರುವ ಪ್ರಕಾರ. ಅದರ ವ್ಯಾಕರಣ ಗಟ್ಟಿಯಾಗಿದೆ. ನಿರೂಪಕ ಯಾವಾಗಲೂ ‘ನಾನು’. ಊರು ಯಾವಾಗಲೂ ಬೇರೆಯವರದು. ತಿನ್ನುವುದು ಒಂದೇ ತುತ್ತು, ಎರಡನೆಯ ತುತ್ತಿಗೆ ಕತೆಯಲ್ಲಿ ಜಾಗವಿಲ್ಲ. ಎರಡನೆಯ ತುತ್ತು ತಿಂದರೆ ಅದು ಊಟವಾಗಿಬಿಡುತ್ತದೆ, ಸಾಹಸವಾಗಿ ಉಳಿಯುವುದಿಲ್ಲ. ಇನ್ನು ಬಡಿಸಿದವರು: ಅವರಿಗೆ ಈ ಕತೆಗಳಲ್ಲಿ ಮಾತಿಲ್ಲ. ನಮ್ಮ ಮುಖ ಹುಳ್ಳಗಾದದ್ದನ್ನು ನೋಡಿ ನಗುವುದಷ್ಟೇ ಅವರ ಪಾತ್ರ.

ಈ ಪ್ರಕಾರದ ದೊಡ್ಡ ಹೆಸರು ಆಂಥನಿ ಬೋರ್ಡೇನ್. 2001ರ ‘ಎ ಕುಕ್ಸ್ ಟೂರ್’ ಪುಸ್ತಕದಲ್ಲಿ ಆತ ವಿಯೆಟ್ನಾಮಿನಲ್ಲಿ ಇನ್ನೂ ಮಿಡಿಯುತ್ತಿದ್ದ ನಾಗರಹಾವಿನ ಹೃದಯ ನುಂಗುವ ಭಾಗವನ್ನೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅನ್ಯಾಯವೆಂದರೆ, ಬೋರ್ಡೇನ್ ಬರೆದದ್ದರಲ್ಲಿ ಒಳ್ಳೆಯದೆಲ್ಲ ಬೀದಿಬದಿಯ ಸಾದಾ ಊಟದ ಬಗ್ಗೆ, ಯಾರದೋ ಅಡುಗೆಮನೆಯಲ್ಲಿ ಕೂತು ಹೊಟ್ಟೆತುಂಬ ತಿಂದದ್ದರ ಬಗ್ಗೆ ಇದೆ. 2006ರಲ್ಲಿ ಟೀವಿಗೆ ಬಂದ ಆ್ಯಂಡ್ರೂ ಝಿಮರ್ನ್ ಇನ್ನೂ ಮರ್ಯಾದಸ್ಥ. ಕೊಟ್ಟದ್ದನ್ನೆಲ್ಲ ತಿಂದು ಹೊಗಳುತ್ತಾನೆ. ಅವನಿಗೂ ಒಗ್ಗದೇ ಹೋದದ್ದು ದುರಿಯನ್. ಆದರೆ ಕಾರ್ಯಕ್ರಮದ ಹೆಸರೇ ‘ಬಿಝಾರ್ ಫುಡ್ಸ್’. ಒಳಗೆ ಎಷ್ಟು ವಿನಯವಿದ್ದರೇನು, ಬಾಗಿಲ ಮೇಲಿನ ಬೋರ್ಡು ಅದೇ.

ಈ ಪ್ರಕಾರ ಒಂದು ಕಟ್ಟಡವಾಗಿಯೂ ನಿಂತಿದೆ. ಸ್ವೀಡನ್ನಿನ ಮಾಲ್ಮೋದಲ್ಲಿ 2018ರಲ್ಲಿ ‘ಡಿಸ್ಗಸ್ಟಿಂಗ್ ಫುಡ್ ಮ್ಯೂಸಿಯಂ’ ತೆರೆಯಿತು, ಅದೂ ಹಳೆಯ ಕಸಾಯಿಖಾನೆಯ ಕಟ್ಟಡದಲ್ಲಿ. ಆನ್‌ಸೈಟ್ ಕೆಲಸಕ್ಕೆ ಹೋಗಿದ್ದಾಗ ಒಂದು ಶನಿವಾರ ನೋಡಿಬಂದೆ. ಅಲ್ಲಿ ಟಿಕೆಟ್ ಮುದ್ರಿಸಿರುವುದು ವಾಂತಿ ಚೀಲದ ಮೇಲೆ. ಒಳಗೆ ಸುಮಾರು 80 ಪದಾರ್ಥ. ಸಾರ್ಡೀನಿಯಾದ ಹುಳು ಓಡಾಡುವ ಚೀಸ್ ಕಾಸು ಮಾರ್ಝು. ಐಸ್‌ಲ್ಯಾಂಡಿನ ಹಾಕರ್ಲ್, ಅಂದರೆ ಹಸಿಯಾಗಿ ತಿಂದರೆ ವಿಷವಾಗುವ ಗ್ರೀನ್‌ಲ್ಯಾಂಡ್ ಶಾರ್ಕನ್ನು ವಾರಗಟ್ಟಲೆ ಹುಗಿದಿಟ್ಟು, ತಿಂಗಳುಗಟ್ಟಲೆ ನೇತುಹಾಕಿ ತಿನ್ನುವಂತೆ ಮಾಡಿದ್ದು. ಹೇಸಿಗೆ ಎಂಬುದು ಸಂಸ್ಕೃತಿ ಕಲಿಸಿದ್ದು, ಬದಲಾಗಬಹುದಾದದ್ದು. ನಾಳೆ ಭೂಮಿ ಉಳಿಯಬೇಕಾದರೆ ಹುಳುಹುಪ್ಪಟೆ ತಿನ್ನಲೂ ಕಲಿಯಬೇಕಾದೀತು ಎಂಬುದು ಆ ಮ್ಯೂಸಿಯಂ ಕಟ್ಟಿದವರ ವಾದ. ತಮ್ಮ ದೇಶದ ಮೀನನ್ನೂ ಅವರು ಪಟ್ಟಿಯಿಂದ ಬಿಟ್ಟಿಲ್ಲ. ವಾದ ಒಪ್ಪುವಂಥದೇ. ಆದರೆ ಗೋಡೆ ಹೇಳುವುದು ಒಂದು, ಕೈಗೆ ಕೊಟ್ಟ ಚೀಲ ಹೇಳುವುದು ಇನ್ನೊಂದು. ನನ್ನ ಸುತ್ತ ಇದ್ದವರು ಮೂಸಿದರು, ಕಿರುಚಿದರು, ಫೋಟೋ ತೆಗೆದರು. ನಾನೂ ತೆಗೆದೆ. ಅದನ್ನು ದಿನಾ ತಿನ್ನುವವನ ಒಲೆ, ತಟ್ಟೆ, ಹಸಿವು ಅಲ್ಲಿ ಯಾವ ಗಾಜಿನ ಹಿಂದೆಯೂ ಕಾಣಲಿಲ್ಲ.

ಅದೇ ಆಗಸ್ಟಿನಲ್ಲಿ ಅಲ್ಲಿನ ಸಹೋದ್ಯೋಗಿಯೊಬ್ಬರು ಮನೆಗೆ ಕರೆದರು. ಸುರ್‌ಸ್ಟ್ರೋಮಿಂಗ್ ತೆರೆಯುವ ಕಾಲ. ಬಾಲ್ಟಿಕ್ ಸಮುದ್ರದ ಹೆರಿಂಗ್ ಮೀನನ್ನು ಮೊಟ್ಟೆಯಿಡುವ ಮುಂಚೆ, ವಸಂತದಲ್ಲಿ ಹಿಡಿಯುತ್ತಾರೆ. ಉಪ್ಪು ತುಸುವೇ. ಕೊಳೆಯದಂತೆ ತಡೆಯಲು ಸಾಕು, ಹುಳಿಯುವುದನ್ನು ತಡೆಯಲು ಸಾಲದು, ಅಷ್ಟು. ಡಬ್ಬಿಗೆ ಹಾಕಿದ ಮೇಲೂ ಹುಳಿಯುತ್ತಲೇ ಇರುವುದರಿಂದ ಡಬ್ಬಿ ಉಬ್ಬಿಕೊಂಡಿರುತ್ತದೆ. ಅದಕ್ಕೇ 2006ರಲ್ಲಿ ಏರ್ ಫ್ರಾನ್ಸ್, ಬ್ರಿಟಿಷ್ ಏರ್‌ವೇಸ್ ವಿಮಾನಗಳು ಇದನ್ನು ಹತ್ತಿಸಿಕೊಳ್ಳುವುದಿಲ್ಲ ಎಂದವು. ಮನೆಯ ಹೊರಗೆ, ಬಕೆಟ್ ನೀರಿನಲ್ಲಿ ಮುಳುಗಿಸಿ ತೆರೆದರು. ನಾತ ನಾನು ಕತೆಯಲ್ಲಿ ಹೇಳುವಷ್ಟೇ ಇತ್ತು. ಆದರೆ ಕತೆಯಲ್ಲಿ ನಾನು ಹೇಳದೆ ಬಿಡುವುದೂ ಒಂದಿದೆ. ಅವರು ತೆಳ್ಳನೆಯ ರೊಟ್ಟಿಯ ಮೇಲೆ ಬೇಯಿಸಿದ ಆಲೂಗಡ್ಡೆ, ಹೆಚ್ಚಿದ ಈರುಳ್ಳಿ, ಹುಳಿ ಕೆನೆ ಹಾಕಿ ನಡುವೆ ಸಣ್ಣ ತುಣುಕು ಮೀನಿಟ್ಟು ಮಡಿಸಿ ಕೊಟ್ಟರು. ನಾನು ಎರಡು ತಿಂದೆ. ಚೆನ್ನಾಗಿತ್ತು. ಉಪ್ಪಿನಕಾಯಿಗೂ ಒಣಮೀನಿಗೂ ನಡುವಿನ ರುಚಿ. ಚೆನ್ನಾಗಿತ್ತು ಎಂದರೆ ಕತೆ ಸಾಯುತ್ತದೆ, ಅದಕ್ಕೇ ಬಿಟ್ಟೆ. ಅದೇ ರಾತ್ರಿ ನಾನು ಇಂಗಿನ ಒಗ್ಗರಣೆಯ ಬಗ್ಗೆ ಹೊಗಳಿ ಹೇಳಿದಾಗ ಆತ ನಗುತ್ತ, ಸ್ವೀಡಿಷ್‌ನಲ್ಲಿ ಇಂಗಿನ ಹೆಸರಿನ ಅರ್ಥ ಸೈತಾನನ ಸಗಣಿ ಎಂದರು.

ಈ ಮೀನಿನ ಬಗ್ಗೆ ಒಂದು ಕೋರ್ಟು ಕೇಸೂ ಇದೆ. 1980ರ ದಶಕದ ಮೊದಲಲ್ಲಿ ಜರ್ಮನಿಯ ಬಾಡಿಗೆದಾರರೊಬ್ಬರು ಮೆಟ್ಟಿಲುಗಳ ಬಳಿ ಇದರ ನೀರು ಚೆಲ್ಲಿದರೆಂದು ಮಾಲೀಕ ಮನೆ ಬಿಡಿಸಿದ. ವ್ಯಾಜ್ಯ ಕಲೋನ್ ನಗರದ ನ್ಯಾಯಾಲಯಕ್ಕೆ ಹೋಯಿತು. ಮಾಲೀಕನ ಕಡೆಯವರು ಕೋರ್ಟಿನಲ್ಲೇ ಒಂದು ಡಬ್ಬಿ ತೆರೆದರು. ತೀರ್ಪು ಮಾಲೀಕನ ಪರವಾಯಿತು. ಅಲ್ಲಿ ಸಾಕ್ಷಿಗಾದರೂ ಡಬ್ಬಿ ತೆರೆಯಬೇಕಾಯಿತು. ನಮ್ಮ ಪುಣೆ, ಮುಂಬೈ ಸೊಸೈಟಿಗಳಲ್ಲಿ ಅಡ್ಡಹೆಸರು ಕೇಳಿದರೆ ಸಾಕು.

ಮೂಗನ್ನು ನಂಬುವುದು ಕಷ್ಟ. 2001ರಲ್ಲಿ ರೇಚಲ್ ಹರ್ಜ್ ಮತ್ತು ಜೂಲಿಯಾ ವಾನ್ ಕ್ಲೆಫ್ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಆಮ್ಲಗಳ ಒಂದೇ ಮಿಶ್ರಣವನ್ನು ಒಮ್ಮೆ ಪಾರ್ಮೆಸನ್ ಚೀಸ್ ಎಂದು ಹೇಳಿ ಮೂಸಿಸಿದರು, ಇನ್ನೊಮ್ಮೆ ವಾಂತಿ ಎಂದು. ಮೊದಲನೆಯದು ಜನಕ್ಕೆ ಹಿಡಿಸಿತು, ಎರಡನೆಯದು ಹಿಡಿಸಲಿಲ್ಲ. ನಮ್ಮ ಭಾಷೆ ಇದನ್ನು ಮೊದಲೇ ಬಲ್ಲಂತಿದೆ. ಕನ್ನಡದಲ್ಲಿ ‘ಹೇಸಿಗೆ’ ಎಂದರೆ ನಮಗಾಗುವ ಭಾವವೂ ಹೌದು, ಎದುರಿಗೆ ಬಿದ್ದಿರುವ ಹೊಲಸೂ ಹೌದು. ನನಗೆ ಹೇಸಿಗೆಯಾಯಿತು ಎಂದು ಶುರುಮಾಡಿ ಅದು ಹೇಸಿಗೆ ಎಂದು ಮುಗಿಸಲು ನಡುವೆ ಪದ ಬದಲಿಸುವ ಕಷ್ಟವೂ ಇಲ್ಲ.

ಪ್ರಶ್ನೆಯನ್ನು ಈಗ ತಿರುಗಿಸಿ ಕೇಳೋಣ: ಇನ್ನೊಬ್ಬರ ಪಟ್ಟಿಯಲ್ಲಿರುವ ‘ಅತಿ ವಿಚಿತ್ರ ತಿಂಡಿ’ ತನ್ನ ದಿನದ ಊಟವಾಗಿರುವವರು ಇದೇ ಕತೆಯನ್ನು ಹೇಳಿದರೆ ಹೇಗಿರುತ್ತದೆ? ನನಗೆ ಎರಡು ಕೃತಿಗಳು ಸಿಕ್ಕವು.

ಒಂದು ಸಿನಿಮಾ. ನಿಕೋಲಸ್ ಖಾರ್ಕೊಂಗರ್ ನಿರ್ದೇಶನದ ‘ಅಖುನಿ’, 2019ರದು, ಮರುವರ್ಷ ನೆಟ್‌ಫ್ಲಿಕ್ಸ್‌ಗೆ ಬಂತು. ಅಖುನಿ ಎಂದರೆ ನಾಗಾಲ್ಯಾಂಡಿನ ಸುಮಿ ಜನ ಸೋಯಾ ಕಾಳನ್ನು ಬೇಯಿಸಿ, ಎಲೆಯಲ್ಲಿ ಸುತ್ತಿ, ಒಲೆಯ ಹತ್ತಿರ ದಿನಗಟ್ಟಲೆ ಇಟ್ಟು ಹುಳಿಯಿಸಿದ್ದು. ದೆಹಲಿಯ ಹುಮಾಯೂನ್‌ಪುರದಲ್ಲಿ ಬಾಡಿಗೆಗಿರುವ ಈಶಾನ್ಯದ ಗೆಳೆಯರು ಗೆಳತಿಯ ಮದುವೆಗೆಂದು ಅಖುನಿ ಹಾಕಿದ ಹಂದಿಮಾಂಸ ಮಾಡಬೇಕು. ನಾತ ಹೊರಗೆ ಬಾರದಂತೆ ಬೇಯಿಸಲು ಜಾಗ ಹುಡುಕುವುದೇ ಇಡೀ ಸಿನಿಮಾ. ಇದು ಕಲ್ಪನೆಯಿಂದ ಹುಟ್ಟಿದ ಕಷ್ಟವಲ್ಲ. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗೆಂದು ತಂದ ಸುರಕ್ಷತೆಯ ಕಿರುಪುಸ್ತಕದಲ್ಲಿ, ಕಳಲೆ, ಅಖುನಿಯಂಥ ವಾಸನೆಯ ಅಡುಗೆಯನ್ನು ನೆರೆಹೊರೆಯಲ್ಲಿ ಗಲಾಟೆಯಾಗದಂತೆ ಮಾಡಿಕೊಳ್ಳಿ ಎಂಬ ಬುದ್ಧಿಮಾತಿತ್ತು. ಕಳಲೆ! ಮಳೆಗಾಲದಲ್ಲಿ ನಮ್ಮ ಮಲೆನಾಡಿನವರು, ಕೊಡಗಿನವರು ಕಾದು ಕೂರುವ ಪದಾರ್ಥ.

ಸಿನಿಮಾದ ಶಕ್ತಿ ಎಲ್ಲಿದೆಯೆಂದರೆ, ಅದು ಅಖುನಿಯನ್ನು ಯಾರಿಗೂ ವಿವರಿಸಲು ನಿಲ್ಲುವುದಿಲ್ಲ. ಪಾತ್ರಗಳಿಗೆ ಅದು ವಿಚಿತ್ರವಲ್ಲ, ಊರಿನ ನೆನಪು. ವಿಚಿತ್ರವಾಗಿ ಕಾಣುವುದು ಕಿಟಕಿಯಿಂದ ಇಣುಕುವ ನೆರೆಯವರು. ನೇಪಾಳಿ ಮೂಲದ ಉಪಾಸನಾಳನ್ನು ಗೆಳೆಯರೇ ಪೂರ್ತಿ ತಮ್ಮವಳೆಂದು ಒಪ್ಪದಿರುವುದನ್ನೂ ತೋರಿಸುವ ಪ್ರಾಮಾಣಿಕತೆ ಅದಕ್ಕಿದೆ. ಆದರೆ ನಗಿಸುವ ಆತುರ ಜಾಸ್ತಿಯಾಯಿತು. ಮನೆ ಮಾಲೀಕರ ಕಡೆಯ ಹುಡುಗ ಶಿವ್‌ನ ತಮಾಷೆಗೆ ಅಷ್ಟೊಂದು ಹೊತ್ತು ಬೇಕಿರಲಿಲ್ಲ. ಉತ್ತರ ಭಾರತದ ಪ್ರೇಕ್ಷಕ ಮುನಿಸಿಕೊಂಡಾನು ಎಂದು ನಿರ್ದೇಶಕರು ಹೆದರಿದಂತೆ ಕಾಣುತ್ತದೆ. ಇನ್ನೊಂದು ಮಾತು. ಅಖುನಿಯನ್ನು ಹುಳಿಸುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾವೇ ಜಪಾನಿನ ನಾಟೋವನ್ನೂ ಹುಳಿಸುವುದು. ಹೊಟ್ಟೆಗೆ ಒಳ್ಳೆಯದೆಂದು ನಾಟೋ ಹುಡುಕಿಕೊಂಡು ಹೋಗುವ ಇಬ್ಬರು ನನ್ನ ಟೀಮಿನಲ್ಲೇ ಇದ್ದಾರೆ.

ಈಗ ನನ್ನ ಮಾತು. ಆಟಕ್ಕಿಂತ ಆರು ತಿಂಗಳ ಮುಂಚೆ, ಪ್ಯಾಂಟ್ರಿಯ ಮೈಕ್ರೋವೇವ್‌ನಲ್ಲಿ ಯಾರೋ ನಾತದ ಊಟ ಬಿಸಿಮಾಡುತ್ತಾರೆಂದು ದೂರು ಬಂತು. ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆಕೆಯ ಡಬ್ಬಿಯಲ್ಲಿ ಎರೊಂಬಾ ಇರುತ್ತಿತ್ತು: ಬೇಯಿಸಿದ ತರಕಾರಿಯನ್ನು ಮೆಣಸಿನಕಾಯಿ, ಙಾರಿಯೊಂದಿಗೆ ಮಸೆದದ್ದು. ಙಾರಿ ಎಂದರೆ ಸಣ್ಣ ಮೀನನ್ನು ಮಡಕೆಯಲ್ಲಿ ತುಂಬಿ ಬಾಯಿ ಮುಚ್ಚಿ ತಿಂಗಳುಗಟ್ಟಲೆ ಹುಳಿಯಿಸಿದ್ದು. (ವರ್ಣಮಾಲೆಯಲ್ಲಿ ಕಲಿತು ಎಂದೂ ಬಳಸದ ಙ ಅಕ್ಷರಕ್ಕೆ ನನಗೆ ಸಿಕ್ಕ ಮೊದಲ ಪದ ಇದು.) ನಾನು ಮ್ಯಾನೇಜರ್. ಯಾರ ಹೆಸರೂ ಹಾಕದೆ ಇಡೀ ಟೀಮಿಗೆ ಮೇಲ್ ಬರೆದೆ: ತೀಕ್ಷ್ಣ ವಾಸನೆಯ ಆಹಾರವನ್ನು ದಯವಿಟ್ಟು ಆಫೀಸಿಗೆ ತರಬೇಡಿ, ಉದಾಹರಣೆಗೆ ಹುಳಿಯಿಸಿದ ಮೀನು. ಮರುದಿನದಿಂದ ಆಕೆ ಕ್ಯಾಂಟೀನಿನ ಪಾವ್ ಭಾಜಿ ತಿನ್ನತೊಡಗಿದಳು. ಭಾಷೆ ಮೃದುವಾಗಿದೆಯೆಂದು ಎಚ್‌ಆರ್‌ನವರು ನನ್ನನ್ನು ಹೊಗಳಿದರು.

ಆ ಮೇಲ್ ಬರೆದವನು ಮಂಡ್ಯದ ಕಡೆಯವನು. ನಮ್ಮ ಮನೆಯಲ್ಲಿ ಮುದ್ದೆಯ ಜೊತೆ ಅವರೆಕಾಳು ಕರ್ಮೀನಿನ ಸಾರು ಆದ ದಿನ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಪುಣೆಯಲ್ಲಿ ಫ್ಲಾಟ್ ಬಾಡಿಗೆಗೆ ಹಿಡಿಯುವಾಗ ‘ಪ್ಯೂರ್ ವೆಜ್ಜಾ?’ ಎಂದು ಕೇಳಿದ್ದಕ್ಕೆ ಹೌದೆಂದು ತಲೆಯಾಡಿಸಿದವನು ನಾನು. ಅವ್ವ ಕಳಿಸುವ ಕರ್ಮೀನು ಮೂರು ಪ್ಲಾಸ್ಟಿಕ್ ಕವರಿನೊಳಗೆ, ಅದರ ಮೇಲೊಂದು ಸ್ಟೀಲ್ ಡಬ್ಬಿಯೊಳಗೆ ಬರುತ್ತದೆ. ಸಾರು ಮಾಡುವುದು ಎದುರು ಮನೆಯವರು ಊರಿಗೆ ಹೋದಾಗ.

ಎರಡನೆಯ ಕೃತಿ ಶಾಹು ಪಾಟೋಳೆಯವರ ಮರಾಠಿ ಪುಸ್ತಕ ‘ಅನ್ನ ಹೇ ಅಪೂರ್ಣಬ್ರಹ್ಮ’, 2015ರದು. ಅನ್ನವೇ ಪೂರ್ಣಬ್ರಹ್ಮ ಎಂದು ಇಲ್ಲಿನ ಖಾನಾವಳಿಗಳ ಗೋಡೆಯಲ್ಲಿ ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಒಂದು ‘ಅ’ ಸೇರಿಸಿ ಪಾಟೋಳೆ ಅದನ್ನು ತಲೆಕೆಳಗು ಮಾಡುತ್ತಾರೆ. ಮರಾಠಿ ಓದು ನನಗೆ ನಿಧಾನ. ಭೂಷಣ್ ಕೋರ್‌ಗಾಂವ್‌ಕರ್ 2024ರಲ್ಲಿ ‘ದಲಿತ್ ಕಿಚನ್ಸ್ ಆಫ್ ಮರಾಠವಾಡ’ ಎಂದು ಇಂಗ್ಲಿಷಿಗೆ ತಂದದ್ದನ್ನು ಜೊತೆಗಿಟ್ಟುಕೊಂಡು ಓದಿದೆ. ಮಹಾರ್ ಮತ್ತು ಮಾಂಗ್ ಸಮುದಾಯಗಳ ಅಡುಗೆ ಇಲ್ಲಿದೆ. ಮಾಂಸವನ್ನು ಉದ್ದುದ್ದ ಸೀಳಿ ಬಿಸಿಲಿಗೆ ಒಣಗಿಸಿ ಕಷ್ಟಕಾಲಕ್ಕೆ ಇಟ್ಟುಕೊಳ್ಳುವ ಚಾನ್ಯಾ, ರಕ್ತವನ್ನು ಗಟ್ಟಿಗೊಳಿಸಿ ಬೇಯಿಸುವ ರಕ್ತಿ. ತುಪ್ಪ, ಹಾಲು ಎಟುಕದ ಅಡುಗೆ. ಸಾತ್ವಿಕ, ರಾಜಸ, ತಾಮಸ ಎಂಬ ವಿಂಗಡಣೆ ಯಾರ ತಟ್ಟೆಯನ್ನು ಕೆಳಗಿಟ್ಟಿತು ಎಂಬ ಚರ್ಚೆಯೂ ಇದೆ.

ಮಾಲ್ಮೋದ ಮ್ಯೂಸಿಯಂ ಸಾಧಿಸಲಾಗದ್ದನ್ನು ಇದು ಸಾಧಿಸುವುದು ಒಂದು ಸರಳ ಕಾರಣಕ್ಕೆ: ಇದು ಪಾಕವಿಧಾನ. ಹೇಗೆ ತೊಳೆಯಬೇಕು, ಎಷ್ಟು ಬೇಯಿಸಬೇಕು, ಯಾವುದರ ಜೊತೆ ತಿನ್ನಬೇಕು. ಪಾಕವಿಧಾನದಲ್ಲಿ ಒಂದೇ ತುತ್ತಿನ ಸಾಹಸಕ್ಕೆ ಎಡೆಯಿಲ್ಲ. ‘ಸಂಸ್ಕಾರ’ದ ನಾರಣಪ್ಪ ನೆನಪಾದ. ಅವನು ಮಾಂಸ ತಿಂದದ್ದು ಅಗ್ರಹಾರವನ್ನೇ ಅಲ್ಲಾಡಿಸಿತು. ಆದರೆ ಅಲ್ಲಿ ಮಾಂಸ ಎಂಬುದು ಪೂರ್ತಿ ಅಗ್ರಹಾರದ ಕಣ್ಣಿಗೆ ಕಂಡ ಬಂಡಾಯ, ಅದಕ್ಕೆ ಉಪ್ಪು ಖಾರ ಸಾಕಾಗಿತ್ತೇ ಎಂದು ಕೇಳುವವರಿಲ್ಲ. ಪಾಟೋಳೆ ಅದನ್ನೇ ಕೇಳುತ್ತಾರೆ. ಪುಸ್ತಕದ ಕಟ್ಟೋಣ ಸಡಿಲ, ಸಿಟ್ಟು ಮತ್ತು ಅಡುಗೆ ಒಂದರೊಳಗೊಂದು ನುಗ್ಗುತ್ತವೆ. ನನಗೆ ಅದು ದೊಡ್ಡ ಕುಂದೆನಿಸಲಿಲ್ಲ. 1956ರವರೆಗೆ ಮರಾಠವಾಡವೂ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಡೆಯವರು ಯಾರಾದರೂ ಇದನ್ನು ಕನ್ನಡಕ್ಕೆ ತಂದರೆ, ಅಥವಾ ತಮ್ಮದನ್ನೇ ಬರೆದರೆ, ಮೊದಲ ಪ್ರತಿ ನನಗಿರಲಿ.

ನನ್ನ ಕರ್ಮೀನೂ ಪಾಟೋಳೆಯವರ ಚಾನ್ಯಾವೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಾನು ಮುಚ್ಚಿಟ್ಟದ್ದು ಒಂದು ಫ್ಲಾಟಿಗಾಗಿ. ನಮ್ಮೂರಿನಲ್ಲಿ ಕೇರಿಯ ಕಡೆಯಿಂದ ಗಾಳಿ ಬೀಸಿದರೆ ಮೂಗು ಮುಚ್ಚಿಕೊಳ್ಳುತ್ತಿದ್ದವರು ನಾವೇ. ಪುಸ್ತಕ ಓದುವಾಗ ಕಾಡಿದ್ದು ಅದು, ಆಮೇಲೆ ಆ ಮೇಲ್.

ಇಂಫಾಲದ ಹುಡುಗಿ ಬೇರೆ ಕಂಪನಿ ಸೇರಿ ವರ್ಷವಾಯಿತು. ನನ್ನ ಮೇಲಿನ ಆ ಸಾಲು ಮಾತ್ರ ಹೊಸಬರಿಗೆ ತೋರಿಸುವ ಸ್ಲೈಡುಗಳಲ್ಲಿ ಸೇರಿಹೋಗಿದೆ, ‘ಹುಳಿಯಿಸಿದ ಮೀನು’ ಎಂಬ ಉದಾಹರಣೆಯ ಸಮೇತ. ಕಳೆದ ತಿಂಗಳು ತೆಗೆಸಲು ಹೋದೆ. ಫೆಸಿಲಿಟೀಸ್‌ನವರು ಟಿಕೆಟ್ ಹಾಕಿ ಎಂದರು, ಹಾಕಿದೆ. ಕಾರಣ ಎಂಬ ಕಡೆ ಏನು ಬರೆಯುವುದೆಂದು ತಿಳಿಯದೆ ‘ಬರೆದವನ ತಪ್ಪು’ ಎಂದು ತುಂಬಿದೆ. ವಿವರ ಸಾಲದು ಎಂದು ವಾಪಸ್ ಬಂದಿದೆ.